ಚಿತ್ರ, ಸಂಗೀತ, ಕಥೆ ತೆಗೆದಿಟ್ಟ ಮೇಲೂ ವಿಡಿಯೋ ಗೇಮ್ ಕಲೆಯಾಗಿ ಉಳಿಯುತ್ತದೆಯೇ?

ಚುಕ್ಕಿಚಿತ್ರ:
ಈ ಜಗಳ ಎದ್ದಾಗಲೆಲ್ಲ ಒಬ್ಬರು ಚೆಂದದ ಸೂರ್ಯಾಸ್ತದ ಸ್ಕ್ರೀನ್‌ಶಾಟ್ ಹಾಕುತ್ತಾರೆ, ಇನ್ನೊಬ್ಬರು ಹಿನ್ನೆಲೆ ಸಂಗೀತದ ಲಿಂಕ್ ಹಾಕುತ್ತಾರೆ. ಗೇಮ್ ಒಳಗೆ ಚಿತ್ರಕಲೆ ಇದೆ, ಸಂಗೀತ ಇದೆ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಗೇಮೇ ಕಲೆ ಅನ್ನಬೇಕಾದರೆ ಅವನ್ನೆಲ್ಲ ತೆಗೆದಿಟ್ಟ ಮೇಲೆ ಉಳಿಯುವ ನಿಯಮಗಳಲ್ಲೇ ಏನಾದರೂ ಇರಬೇಕು. ಇದೆ ಅನ್ನುವುದು ನನ್ನ ವಾದ.

1980ರ ಪ್ಯಾಕ್-ಮ್ಯಾನ್ ತಗೊಳ್ಳಿ: ಓಣಿಗಳಲ್ಲಿ ಚುಕ್ಕಿ ತಿನ್ನುತ್ತಾ ಓಡುವ ಪ್ಯಾಕ್-ಮ್ಯಾನ್ ಅನ್ನು ದೆವ್ವಗಳು ಅಟ್ಟುವ ಆಟ. ನಾಲ್ಕು ದೆವ್ವಗಳಿಗೂ ಆಕಾರ ಒಂದೇ, ಬಣ್ಣ ಮಾತ್ರ ಬೇರೆ. ಆದರೂ ನಾಲ್ಕಕ್ಕೆ ನಾಲ್ಕು ಸ್ವಭಾವ. ಪ್ರತಿ ದೆವ್ವಕ್ಕೂ ಒಂದು ಗುರಿಯ ಚೌಕ ಇರುತ್ತದೆ. ಕವಲು ಬಂದಾಗ ಅಲ್ಲಿಗೆ ಯಾವ ದಿಕ್ಕು ಹತ್ತಿರವೋ ಆ ಕಡೆ ತಿರುಗುತ್ತದೆ. ಕೆಂಪಿನ ಗುರಿ ಪ್ಯಾಕ್-ಮ್ಯಾನ್ ಇರುವ ಚೌಕವೇ. ಗುಲಾಬಿಯ ಗುರಿ ಅವನ ಮುಖದ ದಿಕ್ಕಿಗೆ 4 ಚೌಕ ಮುಂದೆ. ತಿಳಿನೀಲಿಯ ಲೆಕ್ಕ ಸ್ವಲ್ಪ ಸುತ್ತು: ಪ್ಯಾಕ್-ಮ್ಯಾನ್‌ಗಿಂತ 2 ಚೌಕ ಮುಂದಿನ ಜಾಗಕ್ಕೆ ಕೆಂಪು ದೆವ್ವದಿಂದ ಗೆರೆ ಎಳೆದು, ಅದನ್ನು ಅಷ್ಟೇ ಉದ್ದ ಮತ್ತೆ ಮುಂದಕ್ಕೆ ಚಾಚಿದರೆ ಸಿಗುವ ಚೌಕ. ಕಿತ್ತಳೆ 8 ಚೌಕಕ್ಕಿಂತ ದೂರ ಇದ್ದರೆ ಕೆಂಪಿನಂತೆಯೇ ಅಟ್ಟಿ ಬರುತ್ತದೆ, ಹತ್ತಿರ ಬಂದ ಕೂಡಲೇ ಕೆಳಗಿನ ಎಡಮೂಲೆಗೆ ಓಡುತ್ತದೆ.

ಇಷ್ಟೇ. ಆದರೆ ಆಡುವವನಿಗೆ ಕೆಂಪು ಹಠಮಾರಿ, ಗುಲಾಬಿ ಹೊಂಚುಗಾರ, ತಿಳಿನೀಲಿ ನಂಬಲಾಗದ್ದು, ಕಿತ್ತಳೆ ಪುಕ್ಕಲು. ಜಪಾನಿ ಮೂಲದಲ್ಲಿ ಅವುಗಳ ಹೆಸರೇ ಅಟ್ಟುವವನು, ಹೊಂಚುವವನು, ಚಂಚಲ, ಗೊತ್ತಿಲ್ಲದವನಂತೆ ನಟಿಸುವವನು ಎಂಬ ಅರ್ಥದವು. ಇದರ ಮೇಲೆ ಲಯವೂ ಇದೆ: ಮೊದಲ ಲೆವೆಲ್‌ನಲ್ಲಿ 7 ಸೆಕೆಂಡ್ ನಾಲ್ಕೂ ತಮ್ಮ ತಮ್ಮ ಮೂಲೆಗೆ ಹೋಗುತ್ತವೆ, ಆಮೇಲೆ 20 ಸೆಕೆಂಡ್ ಬೆನ್ನಟ್ಟುತ್ತವೆ, ಮತ್ತೆ 7, ಮತ್ತೆ 20. ಉಸಿರು ಬಿಡಲು ಜಾಗ ಕೊಟ್ಟು ಮತ್ತೆ ಬಿಗಿ ಹಿಡಿಯುವ ಈ ಕೆಲಸ ಪೂರ್ತಿ ಅಂಕಿಗಳಲ್ಲಿದೆ. ಮಾತಿಲ್ಲದೆ, ಮುಖಭಾವವಿಲ್ಲದೆ ನಾಲ್ಕು ಪಾತ್ರ ಕಟ್ಟಿದ್ದಾರೆ. ಇದನ್ನು ಕಲೆ ಅನ್ನದೆ ಬೇರೇನು ಅನ್ನುವುದು?

ಫ್ರೇಮ್‌ಎಣಿಕೆ:
ಒಂದು ಸೇರಿಸುತ್ತೇನೆ. ಪ್ಯಾಕ್-ಮ್ಯಾನ್ ಮೇಲ್ಮುಖವಾಗಿದ್ದಾಗ ಗುಲಾಬಿಯ ಗುರಿ 4 ಚೌಕ ಮೇಲೆ ಮಾತ್ರವಲ್ಲ, 4 ಚೌಕ ಎಡಕ್ಕೂ ಸರಿಯುತ್ತದೆ. ಅದು ಲೆಕ್ಕದಲ್ಲಿ ಬಂದ ಓವರ್‌ಫ್ಲೋ ದೋಷ (ಒಂದು ಅಂಕಿ ತನ್ನ ಜಾಗ ತುಂಬಿ ಪಕ್ಕದ ಅಂಕಿಗೆ ಹರಿಯುವುದು), ಯಾರೂ ಬೇಕೆಂದು ಬರೆದದ್ದಲ್ಲ. ಆದರೂ ಪಳಗಿದ ಆಟಗಾರರು ಅದನ್ನು ನಂಬಿಕೊಂಡೇ ದಾರಿ ಹಾಕುತ್ತಾರೆ. 1978ರ ಸ್ಪೇಸ್ ಇನ್ವೇಡರ್ಸ್‌ದೂ ಇದೇ ಕಥೆ. ಸಾಲುಸಾಲಾಗಿ ಇಳಿದು ಬರುವ 55 ಶತ್ರುಗಳನ್ನು ಹೊಡೆಯಬೇಕು; ಒಂದು ಫ್ರೇಮ್‌ಗೆ (ಪರದೆಯ ಮೇಲೆ ಬರುವ ಒಂದು ಚಿತ್ರಕ್ಕೆ) ಒಂದೇ ಶತ್ರುವನ್ನು ಸರಿಸುವಷ್ಟು ಮಾತ್ರ ಯಂತ್ರದ ಶಕ್ತಿ. ಶತ್ರುಗಳು ಕಡಿಮೆಯಾದಷ್ಟೂ ಸುತ್ತು ಬೇಗ ಮುಗಿಯುತ್ತದೆ, ಹಾಗಾಗಿ ಕೊನೆಗೆ ಉಳಿದವನು ಹುಚ್ಚು ವೇಗದಲ್ಲಿ ಓಡುತ್ತಾನೆ. ಯಂತ್ರದ ಬಡತನದಿಂದ ಬಂದ ವೇಗ ಅದು, ಆದರೆ ಆಟದ ಇಡೀ ಆತಂಕ ನಿಂತಿರುವುದೇ ಅದರ ಮೇಲೆ.

ರಂಗಸ್ಥಳ:
ಕುಶಲತೆಯನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಬೇರೆ ಕಡೆ ಉಂಟು. ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 2010ರ ಏಪ್ರಿಲ್‌ನಲ್ಲಿ ಗೇಮ್ ಎಂದೂ ಕಲೆಯಾಗದು ಎಂದು ಬರೆದಾಗ ಮುಂದಿಟ್ಟ ಒಂದು ಕಾರಣ, ಆಟವನ್ನು ಗೆಲ್ಲಬಹುದು, ಕಲೆಯನ್ನು ಗೆಲ್ಲಲಾಗದು ಎಂಬುದು. ಅದೇ ವರ್ಷ ಜುಲೈನಲ್ಲಿ, ಆಡಿ ನೋಡದೆ ಆ ಮಾತು ಆಡಬಾರದಿತ್ತು ಎಂದು ಒಪ್ಪಿಕೊಂಡರು, ಆದರೆ ಅಭಿಪ್ರಾಯ ಬಿಡಲಿಲ್ಲ. ಅದಕ್ಕಿಂತ ಗಟ್ಟಿಯಾದ ತಕರಾರು ನಮ್ಮ ರಸಸಿದ್ಧಾಂತದಲ್ಲೇ ಸಿಗುತ್ತದೆ.

ನಾಟಕದಲ್ಲಿ ಕೀಚಕನನ್ನು ಕಂಡು ಹುಟ್ಟುವ ಭಯ ನನ್ನದಲ್ಲ, ದ್ರೌಪದಿಯದೂ ಅಲ್ಲ. ಯಾರ ಸ್ವಂತದ್ದೂ ಅಲ್ಲದ ಕಾರಣ ಆ ಭಯವನ್ನು ಆಸ್ವಾದಿಸಲು ಸಾಧ್ಯ. ಸಾಧಾರಣೀಕರಣ ಅಂದರೆ ಅದು. ಗೇಮ್‌ನಲ್ಲಿ ದೆವ್ವ ಅಟ್ಟಿ ಬಂದಾಗ ಹುಟ್ಟುವ ಭಯ ಶುದ್ಧ ನನ್ನದು. ಹೋಗುವುದು ನನ್ನ ಜೀವ, ಕಳೆಯುವುದು ನನ್ನ ಅಂಕ. ಅದು ಲೌಕಿಕ ಭಾವ, ರಸ ಅಲ್ಲ. ರಸ್ತೆ ದಾಟುವಾಗ ಲಾರಿ ಎದುರು ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಅದನ್ನು ಯಾರೂ ಭಯಾನಕ ರಸ ಅನ್ನುವುದಿಲ್ಲ.

ಅಳಿಗುಳಿ:
ನಮ್ಮ ಪರಂಪರೆಯ ಮಾತು ಬಂದಿದ್ದಕ್ಕೆ ಹೇಳುತ್ತಿದ್ದೇನೆ. ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ವಾದ್ಯ, ನೃತ್ಯ, ಆಲೇಖ್ಯ (ಚಿತ್ರಕಲೆ) ಇವುಗಳ ಜೊತೆಯಲ್ಲೇ ದ್ಯೂತವಿಶೇಷವೂ (ಜೂಜಿನ ಬಗೆಗಳು) ಆಕರ್ಷಕ್ರೀಡೆಯೂ (ದಾಳದ ಆಟ) ಇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಇಡಿಯಾಗಿ ಆಟಗಳಿಗೇ ಮೀಸಲಿಟ್ಟರು. ದೇವತಾಮೂರ್ತಿಗಳ ಧ್ಯಾನಶ್ಲೋಕ, ರಾಗಮಾಲೆ ಇರುವ ಅದೇ ಗ್ರಂಥದಲ್ಲಿ ಆಟದ ಮಣೆಗೂ ಜಾಗ ಸಿಕ್ಕಿದೆ. ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಮಣೆಗಳ ಚಿತ್ರ ಇದೆ.

ರಂಗಸ್ಥಳ:
ಆ ಪಟ್ಟಿಯಲ್ಲಿ ಹಾಸಿಗೆ ಹಾಸುವುದೂ ಗಿಳಿಗೆ ಮಾತು ಕಲಿಸುವುದೂ ಇವೆ. ಅಲ್ಲಿ ಕಲೆ ಅಂದರೆ ಕಲಿತು ಪಳಗುವ ವಿದ್ಯೆ. ಈಗ ನಾವು ಕೇಳುತ್ತಿರುವ ಅರ್ಥವೇ ಬೇರೆ. ಒಂದೇ ಪದ ಸಿಕ್ಕಿತೆಂದು ಎರಡು ಅರ್ಥ ಬೆಸೆಯಬಾರದು.

ಅಳಿಗುಳಿ:
ಒಪ್ಪಿದೆ. ಹಾಗಾದರೆ ನಿಮ್ಮದೇ ಹೆಸರಿನ ರಂಗಸ್ಥಳಕ್ಕೆ ಬರೋಣ. ಕರಾವಳಿಯಲ್ಲಿ ಯಕ್ಷಗಾನಕ್ಕೆ ಬಳಕೆಯಲ್ಲಿರುವ ಮಾತೇ ಆಟ. "ಇವತ್ತು ಆಟ ಉಂಟು" ಅಂದರೆ ಯಾರೂ ಕಬಡ್ಡಿ ಅಂದುಕೊಳ್ಳುವುದಿಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆಯಲ್ಲಿ, ಹಾಡುವ ಭಾಗವತರ ಪದ್ಯ ಮೊದಲೇ ಬರೆದದ್ದು, ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಆ ರಾತ್ರಿ ಹುಟ್ಟುವುದು. ಪದ್ಯದ ಎಲ್ಲೆ ಮೀರುವಂತಿಲ್ಲ, ಪ್ರಸಂಗದ ಕೊನೆ ಬದಲಿಸುವಂತಿಲ್ಲ, ಎದುರಿನವನ ಪ್ರಶ್ನೆಗೆ ಉತ್ತರ ಕೊಡದೆ ಏಳುವಂತಿಲ್ಲ. ಈ ನಿಯಮಗಳ ಒಳಗೆ ಕರ್ಣನಾಗಿ ಕೂತವನು ತನ್ನ ಮಾತು ತಾನೇ ಹುಡುಕಿಕೊಳ್ಳುತ್ತಾನೆ. ಆಟ ಕಟ್ಟಿದವರು ಒಬ್ಬರು, ಆಡುವವರು ಇನ್ನೊಬ್ಬರು, ಹೀಗಿದ್ದರೂ ಅದು ಕಲೆಯಾಗಬಲ್ಲದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು ರಸ ಯಾರಲ್ಲಿ ಅನ್ನುವ ಪ್ರಶ್ನೆ ಹಳೆಯದೇ. ರಸಸೂತ್ರದ ವ್ಯಾಖ್ಯಾನಕಾರ ಭಟ್ಟಲೋಲ್ಲಟ ರಸವನ್ನು ಮೂಲ ಪಾತ್ರದಲ್ಲೂ ಗೌಣವಾಗಿ ನಟನಲ್ಲೂ ಇಟ್ಟ. ಅಭಿನವಗುಪ್ತ ಸಹೃದಯನಲ್ಲಿ, ಅಂದರೆ ನೋಡುಗನಲ್ಲಿ, ಇಟ್ಟ. ಗೇಮ್ ಆಡುವವನು ನಟನೂ ಹೌದು, ಸಹೃದಯನೂ ಹೌದು, ಒಂದೇ ಹೊತ್ತಿಗೆ. ಆ ಸ್ಥಿತಿಯನ್ನು ಹಳೆಯ ಚರ್ಚೆ ನೇರವಾಗಿ ಎದುರಿಸಿಲ್ಲ. ಅಷ್ಟಕ್ಕೇ ಬಾಗಿಲು ಹಾಕಿಬಿಡುವುದು ಸರಿಯಲ್ಲ.

ಫ್ರೇಮ್‌ಎಣಿಕೆ:
ಲೌಕಿಕ ಭಾವ ಅನ್ನುವ ತಕರಾರಿಗೆ ಒಂದು ನಿರ್ದಿಷ್ಟ ಉದಾಹರಣೆ ಕೊಡುತ್ತೇನೆ. (ಮುಂದೆ ಕಥೆಯ ಕೊನೆ ಬರುತ್ತದೆ, ಆಡಬೇಕೆಂದಿರುವವರು ಈ ಉತ್ತರ ದಾಟಿ ಹೋಗಿ.)

2013ರ ಬ್ರದರ್ಸ್: ಎ ಟೇಲ್ ಆಫ್ ಟು ಸನ್ಸ್. ಸ್ವೀಡನ್‌ನ ಸ್ಟಾರ್‌ಬ್ರೀಜ್ ಸ್ಟುಡಿಯೋದ್ದು, ನಿರ್ದೇಶಕ ಜೋಸೆಫ್ ಫಾರೆಸ್. ಕಂಟ್ರೋಲರ್‌ನ ಎಡ ಸ್ಟಿಕ್ ಮತ್ತು ಎಡ ಟ್ರಿಗರ್ (ತೋರುಬೆರಳಿನ ಬಟನ್) ಅಣ್ಣನಿಗೆ, ಬಲ ಸ್ಟಿಕ್ ಮತ್ತು ಬಲ ಟ್ರಿಗರ್ ತಮ್ಮನಿಗೆ. ಒಬ್ಬನೇ ಆಟಗಾರ ಎರಡೂ ಕೈಯಲ್ಲಿ ಇಬ್ಬರನ್ನೂ ನಡೆಸಬೇಕು. ತಾಯಿ ನೀರಲ್ಲಿ ಮುಳುಗಿ ಸತ್ತಿದ್ದಾಳೆ, ತಮ್ಮನಿಗೆ ನೀರೆಂದರೆ ಹೆದರಿಕೆ. ನೀರು ಬಂದಾಗಲೆಲ್ಲ ಅಣ್ಣನ ಬೆನ್ನು ಹಿಡಿದೇ ದಾಟುತ್ತಾನೆ. ಸುಮಾರು 3 ಗಂಟೆ ಹೀಗೆ ಆಡಿದ ಮೇಲೆ ಎಡಗೈ ಅಂದರೆ ಅಣ್ಣ ಅನ್ನುವುದು ಬೆರಳಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಕೊನೆಗೆ ಅಣ್ಣ ಸಾಯುತ್ತಾನೆ. ಎಡಗೈಗೆ ಕೆಲಸವೇ ಇಲ್ಲ. ತಮ್ಮ ಮತ್ತೆ ನೀರಿನ ಮುಂದೆ ನಿಲ್ಲುತ್ತಾನೆ. ಬಲ ಟ್ರಿಗರ್ ಒತ್ತಿದರೆ ಹಿಂಜರಿಯುತ್ತಾನೆ, ಇಳಿಯುವುದಿಲ್ಲ. ಎಡ ಟ್ರಿಗರ್, ಅಂದರೆ ಸತ್ತ ಅಣ್ಣನ ಬಟನ್ ಒತ್ತಿದಾಗ ಈಜುತ್ತಾನೆ.

ಅಲ್ಲಿ ಆಟಗಾರನಿಗೆ ಯಾವ ಅಪಾಯವೂ ಇಲ್ಲ. ಜೀವ ಹೋಗುವುದಿಲ್ಲ, ಅಂಕಕ್ಕೂ ಪೆಟ್ಟಿಲ್ಲ. ಹಾಗಾಗಿ ಆ ಕ್ಷಣದ ದುಃಖ ಅವನ ಸ್ವಂತದ್ದಲ್ಲ. ಆದರೆ ಅದು ತಲುಪಿದ್ದು ಕಣ್ಣಿನಿಂದಲ್ಲ, ಎಡಗೈ ತೋರುಬೆರಳಿನಿಂದ. ಅದೇ ದೃಶ್ಯವನ್ನು ಯೂಟ್ಯೂಬ್‌ನಲ್ಲಿ ನೋಡಿದರೆ ಒಬ್ಬ ಹುಡುಗ ಈಜುತ್ತಿರುವುದು ಮಾತ್ರ ಕಾಣುತ್ತದೆ.

ರಂಗಸ್ಥಳ:
ಇದಕ್ಕೆ ನನ್ನ ಬಳಿ ಚಟ್ಟನೆ ಉತ್ತರ ಇಲ್ಲ. ಕರುಣ ರಸಕ್ಕೆ ಹತ್ತಿರದ್ದೇನೋ ಅಲ್ಲಿ ನಡೆಯುತ್ತಿದೆ. ಆದರೆ ನೀವು ಆರಿಸಿದ ಕ್ಷಣದಲ್ಲಿ ಗೆಲುವು ಸೋಲೇ ಇಲ್ಲ ಎಂಬುದನ್ನು ಗಮನಿಸಿ. ಆಟ ಆಟವಾಗಿರುವುದನ್ನು ನಿಲ್ಲಿಸಿದಾಗ ಕಲೆ ಆಯಿತು ಅಂದಹಾಗಾಯಿತಲ್ಲ?

ಚುಕ್ಕಿಚಿತ್ರ:
ಗೆಲುವು ಸೋಲು ಇಟ್ಟುಕೊಂಡೇ ಸಾಧಿಸಿದ್ದು 2013ರ ಪೇಪರ್ಸ್, ಪ್ಲೀಸ್. ಲ್ಯೂಕಸ್ ಪೋಪ್ ಕಟ್ಟಿದ್ದು. ಆಟಗಾರ ಒಂದು ಕಲ್ಪಿತ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಗುಮಾಸ್ತ. ಸರಿಯಾಗಿ ಮುಗಿಸಿದ ಪ್ರತಿ ಮನುಷ್ಯನಿಗೆ 5 ಕ್ರೆಡಿಟ್ ಸಂಬಳ. ದಿನದ ಮೊದಲ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಸಂಜೆ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು ಕಳೆಯುತ್ತದೆ. ದಿನ ಕಳೆದಂತೆ ನಿಯಮಗಳು ಹೆಚ್ಚುತ್ತವೆ, ಕಾಗದಗಳೂ ಹೆಚ್ಚುತ್ತವೆ, ಮೇಜು ಮಾತ್ರ ಅಷ್ಟೇ ಚಿಕ್ಕದು. ಒಂದರ ಮೇಲೊಂದು ಬಿದ್ದ ಕಾಗದ ಸರಿಸುವುದರಲ್ಲೇ ಹೊತ್ತು ಹೋಗುತ್ತದೆ.

ಈಗ ಗಂಡನ ಕಾಗದ ಸರಿ ಇದೆ, ಹೆಂಡತಿಯದು ಸರಿ ಇಲ್ಲ. ಬಿಟ್ಟರೆ ಒಂದು ತಪ್ಪು ದಾಖಲಾಗುತ್ತದೆ. ಅದು ದಿನದ ಮೊದಲ ತಪ್ಪಾದರೆ ದಯೆ ತೋರಿಸಲು ಖರ್ಚಿಲ್ಲ. ಮೂರನೆಯದಾದರೆ ಮನೆಯಲ್ಲಿ ಮಗ ಹಸಿದಿರುತ್ತಾನೆ. ದಯೆಗೂ ದಿನಕ್ಕಿಷ್ಟು ಎಂದು ಕೋಟಾ ಬಿದ್ದದ್ದು ಆಟಗಾರನಿಗೇ ಗೊತ್ತಾಗದಂತೆ ಅಭ್ಯಾಸವಾಗುತ್ತದೆ. ಆ ಎರಡು ಎಚ್ಚರಿಕೆಯ ನಿಯಮ ತೆಗೆದುಹಾಕಿ ಮೊದಲ ತಪ್ಪಿಗೇ ದಂಡ ಹಾಕಿ ನೋಡಿ, ಕೃತಿಯೇ ಬದಲಾಗುತ್ತದೆ. ಗೆಲ್ಲಬೇಕೆಂಬ ಆಸೆಯನ್ನೇ ಇಲ್ಲಿ ಬಣ್ಣದಂತೆ ಬಳಸಿದ್ದಾರೆ.

ಲೆಕ್ಕದಪುಸ್ತಕ:
ಒಳ್ಳೆಯ ಉದಾಹರಣೆಗಳನ್ನೇ ಆರಿಸಿ ಇಡೀ ಮಾಧ್ಯಮಕ್ಕೆ ಪಟ್ಟ ಕಟ್ಟಬೇಡಿ. ನಿಯಮದಲ್ಲೇ ಕಲೆ ಅನ್ನುವುದಾದರೆ ನಿಯಮದಲ್ಲೇ ಮೋಸವೂ ಇರುತ್ತದೆ. ಹಣ ಕೊಟ್ಟು ಪೆಟ್ಟಿಗೆ ತೆರೆಯುವ ಲೂಟ್ ಬಾಕ್ಸ್ ನೋಡಿ. ಮೊದಲು ಗೇಮ್‌ನದೇ ನಾಣ್ಯ ಕೊಳ್ಳಬೇಕು. ಹಾಗಾಗಿ ಖರ್ಚು ರೂಪಾಯಿಯಲ್ಲಿ ಕಾಣುವುದಿಲ್ಲ. ಪೆಟ್ಟಿಗೆಯ ಬೆಲೆಗೂ ನಾಣ್ಯದ ಕಟ್ಟಿಗೂ ಹೊಂದದಂತೆ ಇಟ್ಟಿರುತ್ತಾರೆ, ಪ್ರತಿ ಸಲ ಒಂದಿಷ್ಟು ಉಳಿದು ಮತ್ತೆ ಕೊಳ್ಳುವಂತಾಗುತ್ತದೆ. ತೆರೆಯುವಾಗ ಒಳ್ಳೆಯ ವಸ್ತು ಕೂದಲೆಳೆಯಲ್ಲಿ ತಪ್ಪಿದಂತೆ ತೋರಿಸುತ್ತಾರೆ. ಇದೂ ಸೂಕ್ಷ್ಮ ಕುಶಲತೆಯೇ, ಇದೂ ನಿಯಮಗಳಿಂದ ಭಾವ ಎಬ್ಬಿಸುವುದೇ. ಇದನ್ನು ಕಲೆ ಅನ್ನುತ್ತೀರಾ?

ಚುಕ್ಕಿಚಿತ್ರ:
ಕೆಟ್ಟ ಕಲೆ ಅನ್ನುತ್ತೇನೆ, ಮತ್ತು ಹಾಗೆ ಕರೆದಾಗಲೇ ಸರಿಯಾಗಿ ವಿಮರ್ಶೆ ಮಾಡಲು ಬರುತ್ತದೆ. ಬರೀ ಉತ್ಪನ್ನ ಅಂದರೆ ಗ್ರಾಹಕರ ದೂರು ಬರೆಯಬಹುದು, ಅಷ್ಟೇ. ನಿಮ್ಮ ಮೇಲಿನ ಪ್ಯಾರಾವೇ ಒಳ್ಳೆಯ ವಿಮರ್ಶೆ.

ಲೆಕ್ಕದಪುಸ್ತಕ:
ಸರಿ, ಕಾನೂನು ಏನನ್ನುತ್ತದೆ ನೋಡಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಗೇಮ್ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಕಂಪ್ಯೂಟರ್ ಪ್ರೋಗ್ರಾಂ ಅಲ್ಲಿ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಪಾತ್ರಗಳ ಚಿತ್ರ ಕಲಾಕೃತಿ, ಹಾಡು ಸಂಗೀತ ಕೃತಿ. ಒಂದು ಗೇಮನ್ನು ಹೀಗೆ ಕೊಯ್ದು ಹಂಚಿದ ಮೇಲೆ ಉಳಿಯುವುದು ನಿಯಮ, ಅದು ಬರೀ ಕಲ್ಪನೆ ಅನ್ನಿಸಿಕೊಂಡು ರಕ್ಷಣೆಯ ಹೊರಗೆ. ನೀವು ಯಾವುದನ್ನು ಕಲೆ ಅನ್ನುತ್ತಿದ್ದೀರೋ ಅದೊಂದಕ್ಕೇ ಹಕ್ಕು ಇಲ್ಲ. ಚೆನ್ನಾಗಿ ಓಡಿದ ಗೇಮ್‌ಗೆ ತಿಂಗಳೊಳಗೆ ಹತ್ತಾರು ನಕಲು ಬರುವುದು ಇದರಿಂದಲೇ.

ಹೊರದೇಶಗಳಲ್ಲಿ ಈ ಮಾತಿಗೆ ನೇರ ಪರಿಣಾಮ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7-2 ಬಹುಮತದಿಂದ ಗೇಮ್‌ಗಳಿಗೂ ಪುಸ್ತಕ, ನಾಟಕ, ಸಿನಿಮಾದಂತೆಯೇ ವಾಕ್ ಸ್ವಾತಂತ್ರ್ಯದ ರಕ್ಷಣೆ ಉಂಟು ಎಂದಿತು. ಜರ್ಮನಿಯಲ್ಲಿ ಸಿನಿಮಾಗಳು ನಾಜಿ ಚಿಹ್ನೆ ತೋರಿಸುತ್ತಿದ್ದರೂ ಗೇಮ್‌ಗಳು ಅಳಿಸಬೇಕಾಗಿತ್ತು. 2018ರಿಂದ ಒಂದೊಂದು ಗೇಮನ್ನೂ ಪ್ರತ್ಯೇಕವಾಗಿ ನೋಡಿ ನಿರ್ಧರಿಸುತ್ತಾರೆ. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಗೇಮಿಂಗ್ ಅನ್ನು ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯಕ್ಕೆ, ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ಗೇಮ್) ಅನ್ನು ಕ್ರೀಡಾ ಸಚಿವಾಲಯಕ್ಕೆ ಒಪ್ಪಿಸಿದರು.

ಮಣೆಬದಿ:
ಚರ್ಚೆ ಓದುತ್ತಿದ್ದೇನೆ. ಒಂದು ಕೆಲಸದ ಪ್ರಶ್ನೆ: ಒಂದು ಗ್ರಂಥಾಲಯದ ಸಭಾಂಗಣದಲ್ಲಿ ನಾಲ್ಕೈದು ಗೇಮ್‌ಗಳನ್ನು ಕಲಾಕೃತಿಗಳಂತೆ ಪ್ರದರ್ಶನಕ್ಕೆ ಇಡಬೇಕೆಂದರೆ ಹೇಗೆ ಇಡಬೇಕು? ಏನು ಕೆಡುತ್ತದೆ?

ಕಡತಕಾವಲು:
ಮೊದಲು ದೊಡ್ಡವರು ಏನು ಮಾಡಿದರು ನೋಡಿ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರ ನವೆಂಬರ್‌ನಲ್ಲಿ 14 ಗೇಮ್‌ಗಳನ್ನು ಸಂಗ್ರಹಕ್ಕೆ ತೆಗೆದುಕೊಂಡಿತು: ಪ್ಯಾಕ್-ಮ್ಯಾನ್, ಟೆಟ್ರಿಸ್, ಮಿಸ್ಟ್, ಪೋರ್ಟಲ್, ಪ್ಯಾಸೇಜ್ ಮೊದಲಾದವು. ಕ್ಯುರೇಟರ್ ಪಾವೊಲಾ ಆಂತೊನೆಲ್ಲಿ ಅವುಗಳನ್ನು ಇಟ್ಟದ್ದು ಚಿತ್ರಕಲಾ ವಿಭಾಗದಲ್ಲಲ್ಲ, ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗದಲ್ಲಿ. ಅಳತೆಗೋಲುಗಳು ನಾಲ್ಕು: ವರ್ತನೆ, ಸೌಂದರ್ಯ, ಸ್ಥಳ, ಕಾಲ. ಈವ್ ಆನ್‌ಲೈನ್ ಸಾವಿರಾರು ಜನ ಒಟ್ಟಿಗೆ ಆಡುವ ಬಾಹ್ಯಾಕಾಶ, ಐದು ನಿಮಿಷದಲ್ಲಿ ಯಾರಿಗೂ ಅರ್ಥವಾಗದು. ಹಾಗಾಗಿ ಅದನ್ನು ಆಡಲು ಕೊಡದೆ ವಿಡಿಯೋ ತೋರಿಸಿದರು. ಅದು ಸರಿಯಾದ ತೀರ್ಮಾನ.

ನಿಮ್ಮ ಸಭಾಂಗಣಕ್ಕೆ ಮೊದಲು ಆರಿಸಬೇಕಾದದ್ದು ಜೇಸನ್ ರೋರರ್ ಅವರ 2007ರ ಪ್ಯಾಸೇಜ್. ಸರಿಯಾಗಿ 5 ನಿಮಿಷ. ಚಿತ್ರದ ಅಳತೆ 100×16 ಪಿಕ್ಸೆಲ್, ಒಂದು ಉದ್ದನೆಯ ಪಟ್ಟಿ. ಪಾತ್ರ ಬಲಕ್ಕೆ ನಡೆದಂತೆ ವಯಸ್ಸಾಗುತ್ತದೆ. ಸಂಗಾತಿ ಸಿಕ್ಕಿದರೆ ಜೊತೆ ಕರೆದುಕೊಂಡು ಹೋಗಬಹುದು, ಆದರೆ ಇಬ್ಬರೂ ಸೇರಿ ಇಕ್ಕಟ್ಟಾದ ಸಂದುಗಳಲ್ಲಿ ನುಗ್ಗಲಾಗದು, ಅಲ್ಲಿರುವ ಪೆಟ್ಟಿಗೆಗಳು ಕೈಗೆ ಸಿಗವು. ಕೊನೆಗೆ ಸಾವು, ಯಾರಿಗೂ ತಪ್ಪದು. ಗೆದ್ದ ಅಂಕ ಮೇಲೆ ಉಳಿದಿರುತ್ತದೆ. ಎಬರ್ಟ್ ಪ್ರಶ್ನೆಗೂ ಇದು ಹೊಂದುತ್ತದೆ.

ಇದನ್ನು 1920×1080 ಪರದೆಯಲ್ಲಿ ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ 19.2 ಪಟ್ಟು, ಪೂರ್ಣಸಂಖ್ಯೆ ಅಲ್ಲದ್ದರಿಂದ ಕೆಲವು ಪಿಕ್ಸೆಲ್ 19, ಕೆಲವು 20 ಅಗಲ ಬಂದು ನಡೆಯುವಾಗ ಮುಖ ನಡುಗಿದಂತೆ ಕಾಣುತ್ತದೆ. 19 ಪಟ್ಟಿಗೆ ನಿಲ್ಲಿಸಿ: 1900×304. ಉಳಿದದ್ದು ಕಪ್ಪು. ಮಸುಕು ಮಾಡುವ ಫಿಲ್ಟರ್ ಬೇಡ.

ಎರಡನೆಯದು ಟಿವಿಯ ವಿಳಂಬ. ಹೊಸ ಟಿವಿಗಳು ಚಿತ್ರ ತಿದ್ದಲು ಹೊತ್ತು ತಗೊಳ್ಳುತ್ತವೆ. ಸೆಕೆಂಡಿಗೆ 60 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್; 100 ಮಿಲಿಸೆಕೆಂಡ್ ವಿಳಂಬ ಅಂದರೆ 6 ಫ್ರೇಮ್ ತಡ. ಜಿಗಿತದ ಆಟಗಳಲ್ಲಿ ಅಂಚು ದಾಟಿದ ಮೇಲೂ ಜಿಗಿಯಲು ಕೊಡುವ ವಿನಾಯಿತಿಯೇ ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿದುಹೋಗುತ್ತದೆ. ನೋಡುಗರು ಗೇಮ್ ಒರಟು ಅಂದುಕೊಂಡು ಎದ್ದುಹೋಗುತ್ತಾರೆ, ತಪ್ಪು ಟಿವಿಯದು. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಅಳೆಯಲು ಮೊಬೈಲ್‌ನ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಸಾಕು: ಬೆರಳು, ಪರದೆ ಎರಡೂ ಕಾಣುವಂತೆ ಹಿಡಿದು, ಬಟನ್ ಒತ್ತಿದ್ದರಿಂದ ಪಾತ್ರ ಕದಲುವವರೆಗೆ ಫ್ರೇಮ್ ಎಣಿಸಿ, 4.17ರಿಂದ ಗುಣಿಸಿ. 24 ಫ್ರೇಮ್ ಬಂದರೆ 100 ಮಿಲಿಸೆಕೆಂಡ್.

ಫ್ರೇಮ್‌ಎಣಿಕೆ:
ಬಂದೂಕಿನ ಡಕ್ ಹಂಟ್ ಇಡುವ ಯೋಚನೆ ಇದ್ದರೆ ಬಿಡಿ, ಅಥವಾ ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಹುಡುಕಿ. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಬರುತ್ತದೆ. ಬಂದೂಕಿನೊಳಗಿನ ಸಂವೇದಕ ಆ ಬೆಳಕನ್ನು ಆ ಕ್ಷಣದಲ್ಲೇ ಹಿಡಿಯಬೇಕು, ಅದೂ ಟ್ಯೂಬಿನ ಗೆರೆ ಓಡುವ ಸುಮಾರು 15 ಕಿಲೋಹರ್ಟ್ಸ್ ಮಿಡಿತಕ್ಕೆ ಶ್ರುತಿ ಮಾಡಿದ ಸರ್ಕ್ಯೂಟ್. ಎಲ್‌ಸಿಡಿಯಲ್ಲಿ ಆ ಮಿಡಿತವೇ ಇಲ್ಲ, ಚೌಕ ಬರುವುದೂ ತಡ. ಎಷ್ಟು ಗುರಿಯಿಟ್ಟರೂ ತಪ್ಪುತ್ತದೆ.

ಬ್ರದರ್ಸ್ ಇಡುವುದೂ ಬೇಡ. ಈಜುವ ದೃಶ್ಯದ ಸೇವ್ ಫೈಲ್ ಹಾಕಿ ಕೂರಿಸಿದರೆ ಯಾರಿಗೂ ಏನೂ ಅನಿಸದು. ಆ 3 ಗಂಟೆ ಇಲ್ಲದೆ ಆ ಬಟನ್‌ಗೆ ಅರ್ಥವೇ ಇಲ್ಲ.

ಕಡತಕಾವಲು:
ಹೌದು, ಇದೇ ಪ್ರದರ್ಶನದ ದೊಡ್ಡ ತೊಡಕು. ಗೋಡೆಗೆ ಹಾಕಲು ಸುಲಭವಾದದ್ದು ಚಿತ್ರ. ನಿಯಮ ಮೈಗೆ ಹತ್ತಲು ಹೊತ್ತು ಬೇಕು. ಆದ್ದರಿಂದ ಪ್ರತಿ ಮೇಜಿಗೂ ಬೆಂಚು ಇಡಿ, ನಿಂತು ಆಡಿಸಬೇಡಿ. 90 ಸೆಕೆಂಡ್ ಯಾರೂ ಮುಟ್ಟದಿದ್ದರೆ ಆಟ ತಾನಾಗಿ ಮೊದಲಿಗೆ ಮರಳಬೇಕು. ಪ್ರತಿ ಮೇಜಿಗೆ ಒಂದು ಹೆಚ್ಚುವರಿ ಕಂಟ್ರೋಲರ್. ಸ್ಟಿಕ್ ಒಳಗಿನ ಪೊಟೆನ್ಶಿಯೋಮೀಟರ್ (ಸ್ಟಿಕ್ ಎಷ್ಟು ವಾಲಿದೆ ಎಂದು ಅಳೆಯುವ ಭಾಗ) ಸವೆದರೆ ಮುಟ್ಟದಿದ್ದರೂ ಪಾತ್ರ ಒಂದು ಕಡೆ ಜಾರುತ್ತದೆ. ತಾತ್ಕಾಲಿಕವಾಗಿ, ಸ್ಟಿಕ್‌ನ ಸಣ್ಣ ಕದಲಿಕೆಯನ್ನು ಲೆಕ್ಕಕ್ಕೆ ತಗೊಳ್ಳದ ಡೆಡ್‌ಝೋನ್ ಅನ್ನು 10-15%ಗೆ ಏರಿಸಿ. ಎಲ್ಲ ಮೇಜಿನ ಸದ್ದು ಬೆರೆಯದಂತೆ ಹೆಡ್‌ಫೋನ್. ಪಕ್ಕದ ಫಲಕದಲ್ಲಿ ಕಥೆ ಬರೆಯಬೇಡಿ. ಒಂದು ನಿಯಮ ಬರೆಯಿರಿ, ಏನನ್ನು ಗಮನಿಸಬೇಕೆಂದು ಬರೆಯಿರಿ.

ಅಳಿಗುಳಿ:
ಭಾರತೀಯ ಗೇಮ್ ಒಂದಾದರೂ ಇರಲಿ. ಪುಣೆಯ ಸ್ಟುಡಿಯೋದ ರಾಜಿ (2020) ನೋಡಲು ಬಹಳ ಸುಂದರ, ತೊಗಲುಗೊಂಬೆಯ ಶೈಲಿಯ ಕಥನ ದೃಶ್ಯಗಳಿವೆ. ಆದರೆ ಹೊಡೆದಾಟದ ನಿಯಮಗಳು ಎಲ್ಲ ಕಡೆ ಇರುವಂಥವೇ. ಚಿತ್ರ ನಮ್ಮದು, ಆಟ ಎರವಲು. ಟೊರಾಂಟೊದ ವೆನ್ಬಾ (2023) ನಿಯಮದಲ್ಲೂ ಮನೆಯದು: ತಮಿಳು ತಾಯಿಯ ಹಳೆಯ ಅಡುಗೆ ಪುಸ್ತಕ ಹರಿದಿದೆ, ಮಸುಕಾಗಿದೆ, ಇಡ್ಲಿ ತಟ್ಟೆ ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಆಟಗಾರನೇ ಊಹಿಸಬೇಕು. ಮರೆತುಹೋದದ್ದನ್ನು ತುಂಬಿಕೊಳ್ಳುವ ಕೆಲಸವೇ ಆಟ.

ರಂಗಸ್ಥಳ:
ಹಾಗಾದರೆ ತಾಳಮದ್ದಳೆಯನ್ನೇ ಗೇಮ್ ಮಾಡುವುದಾದರೆ ನಿಯಮ ಹೇಗಿರಬೇಕು? ಬರೀ ವೇಷ ಚಿತ್ರಿಸಿ ಕತ್ತಿ ಕೊಟ್ಟರೆ ಆಗದು.

ಚುಕ್ಕಿಚಿತ್ರ:
ಒಂದು ಕರಡು: ಪ್ರಸಂಗದ ಕೊನೆ ಮೊದಲೇ ತೆರೆಯ ಮೇಲೆ ಇರಲಿ. ಕರ್ಣ ಸಾಯುತ್ತಾನೆ, ಅದನ್ನು ಬದಲಿಸಲಾಗದು. ಆಟಗಾರನಿಗೆ ಒಂದು ಪದ್ಯ, ಅದರಿಂದ ಹೆಕ್ಕಬಹುದಾದ 6 ಪದ. ಎದುರಾಳಿಯ ಪ್ರಶ್ನೆಗೆ ಆ 6ರಲ್ಲಿ 2 ಪದ ಜೋಡಿಸಿ ಉತ್ತರದ ದಿಕ್ಕು ಆರಿಸಬೇಕು: ಒಪ್ಪು, ತಿರುಗಿಸು, ಕೆಣಕು. ಬಳಸಿದ ಪದ ಮತ್ತೆ ಸಿಗದು. ಗಡಿಯಾರ ಬೇಡ, ಚೆಂಡೆ ಸದ್ದು ಏರುತ್ತಾ ಹೋಗಲಿ.

ರಂಗಸ್ಥಳ:
ತಾಳಮದ್ದಳೆಯಲ್ಲಿ ಚೆಂಡೆ ಇಡೀ ಹೊತ್ತು ಬಾರಿಸುವುದಿಲ್ಲ, ಮಾತಿನ ನಡುವೆ ಮೌನವೇ ಹೆಚ್ಚು. ಒತ್ತಡ ತರಬೇಕಾದದ್ದು ಭಾಗವತರು. ಅರ್ಥ ಉದ್ದವಾದರೆ ಅವರು ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅದನ್ನು ನಿಯಮ ಮಾಡಿ. ಎದುರಿನವನ ಮಾತು ಗೆಲ್ಲಿಸಿದರೂ ಸೊಗಸು ಎಂದು ಸಭೆ ತಲೆದೂಗುವ ದಾರಿ ಒಂದಿರಲಿ, ಇಲ್ಲದಿದ್ದರೆ ಅದು ಬರೀ ವಾದಸ್ಪರ್ಧೆ ಆಗುತ್ತದೆ.

ಚುಕ್ಕಿಚಿತ್ರ:
ಭಾಗವತರ ನಿಯಮ ತಗೊಂಡೆ. ಅದಕ್ಕೆ ಅಂಕಿ ಬೇಕು: ಒಂದು ಅರ್ಥಕ್ಕೆ ಎಷ್ಟು ಮಾತು ದಾಟಿದರೆ ಪದ್ಯ ಎತ್ತಬೇಕು? ಸದ್ಯಕ್ಕೆ 4 ಎಂದಿಟ್ಟು ಕಾಗದದ ಚೀಟಿಗಳಲ್ಲಿ ಇಬ್ಬರು ಆಡಿ ನೋಡಬಹುದು. 24 ಚೀಟಿ, 3 ಪದ್ಯ ಸಾಕು.

ರಂಗಸ್ಥಳ:
4 ಸ್ಥಿರವಾಗಿರಬಾರದು. ರಸ ಏರುತ್ತಿದ್ದರೆ ಭಾಗವತರು ಕಾಯುತ್ತಾರೆ, ಸಪ್ಪೆಯಾದರೆ ಬೇಗ ಎತ್ತುತ್ತಾರೆ. 3ರಿಂದ 6ರ ನಡುವೆ ಬದಲಾಗಲಿ. ಮೊದಲ ಪದ್ಯ ಕರ್ಣಪರ್ವದಿಂದಲೇ ಆರಿಸಿ ಕೊಡುತ್ತೇನೆ.